ಟೆಸ್ಟ್‌ನಲ್ಲಿ 99.8%, ಲೈನಿನಲ್ಲಿ ಫೇಲ್: ಗಂಗಾವತಿಯ ನೆಟ್‌ವರ್ಕ್ ಡೇಟಾಗೆ ಏನಾಗಿದೆ?

ಪ್ರಶ್ನೆ

ಮೇಡಂ, ನಾನು ಗಂಗಾವತಿಯಲ್ಲಿ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಸುಮಾರು 1,200 ಫೈಬರ್ ಕನೆಕ್ಷನ್ ಇವೆ. ಮನೆ, ಅಂಗಡಿ, ರೈಸ್ ಮಿಲ್, ಆನೆಗೊಂದಿ ಕಡೆಯ ಕೆಲವು ಹೋಂಸ್ಟೇ ಎಲ್ಲಾ ಸೇರಿ. ಗ್ರಾಹಕರ ಸಿಸಿಟಿವಿ ಡಿವಿಆರ್‌ಗೋ ಹಳೇ ಕಂಪ್ಯೂಟರಿಗೋ ವೈರಸ್ ಹತ್ತಿ, ನಮ್ಮ ಲೈನಿನಿಂದ ಹೊರಗಡೆ ದಾಳಿ ಹೋಗುತ್ತಿದೆ ಅಂತ ಆಗಾಗ ದೂರು ಬರುತ್ತದೆ. ಅದನ್ನು ತಾನಾಗಿ ಹಿಡಿಯುವ ಮಷೀನ್ ಲರ್ನಿಂಗ್ ಮಾಡೆಲ್ ಮಾಡೋಣ ಅಂತ ಹೊರಟೆ. ದಾಳಿ ಯಾವುದು, ಮಾಮೂಲಿ ಯಾವುದು ಅಂತ ಮೊದಲೇ ಗುರುತು ಹಾಕಿರುವ ಸಿಐಸಿ-ಐಡಿಎಸ್-2017 ಡೇಟಾಸೆಟ್ ಇಳಿಸಿಕೊಂಡು ರ‍್ಯಾಂಡಮ್ ಫಾರೆಸ್ಟ್ ಮಾಡೆಲ್‌ಗೆ ಕಲಿಸಿದೆ. ಟೆಸ್ಟ್‌ನಲ್ಲಿ 99.8% ಅಕ್ಯುರಸಿ ಬಂತು. ನಮ್ಮ ಮೈಕ್ರೋಟಿಕ್ ರೂಟರಿನ ನೆಟ್‌ಫ್ಲೋ ಡೇಟಾ (ಯಾವ ಯಂತ್ರ ಯಾವುದರ ಜೊತೆ ಎಷ್ಟು ಮಾತಾಡಿತು ಅನ್ನುವ ಲೆಕ್ಕ) ಕೊಟ್ಟರೆ ಮಾತ್ರ ಅರ್ಧಕ್ಕಿಂತ ಜಾಸ್ತಿ ಸಾಲುಗಳನ್ನು ಪೋರ್ಟ್ ಸ್ಕ್ಯಾನ್ (ತೆರೆದ ಬಾಗಿಲು ಹುಡುಕುವುದು) ಅಥವಾ ಡಾಸ್ ದಾಳಿ (ಟ್ರಾಫಿಕ್ ಸುರಿದು ಸರ್ವರ್ ಮುಳುಗಿಸುವುದು) ಅನ್ನುತ್ತಿದೆ. ಕರೆಂಟ್ ಹೋಗಿ ಬಂದಾಗಂತೂ ಇಡೀ ಊರೇ ದಾಳಿ ಮಾಡುತ್ತಿದೆ ಅನ್ನುತ್ತದೆ. ಎರಡೂ ಕಡೆ ಸಿಗುವ ಕಾಲಮ್ ಮಾತ್ರ ಇಟ್ಟುಕೊಂಡಿದ್ದೇನೆ: ಅವಧಿ, ಪ್ಯಾಕೆಟ್, ಬೈಟ್, ಪೋರ್ಟ್, ಸೆಕೆಂಡಿಗೆ ಎಷ್ಟು ಬೈಟ್. ಮಾದರಿಗೆ ಕೆಲವು ಸಾಲು ಕಳಿಸಿದ್ದೇನೆ. ಡೀಪ್ ಲರ್ನಿಂಗ್‌ಗೆ ಹೋಗಲೇ? ಇನ್ನೂ ಜಾಸ್ತಿ ಡೇಟಾ ಬೇಕೇ? ನಮ್ಮ ಮಾಲೀಕರು ಜಿಪಿಯು ಇರುವ ಕಂಪ್ಯೂಟರ್ ಕೊಡಿಸುತ್ತೇನೆ ಅಂದಿದ್ದಾರೆ, ತಗೊಳ್ಳಲೇ?

ಉತ್ತರ

ಮೂರೂ ಬೇಡ. ಡೀಪ್ ಲರ್ನಿಂಗ್ ಬೇಡ, ಜಿಪಿಯು ಬೇಡ, ಇದೇ ತರಹದ ಇನ್ನಷ್ಟು ಡೇಟಾನೂ ಸದ್ಯಕ್ಕೆ ಬೇಡ. ಜಿಪಿಯು ದುಡ್ಡಿನಲ್ಲಿ ಒಂದು ಪಾಲನ್ನು ದೊಡ್ಡ ಹಾರ್ಡ್ ಡಿಸ್ಕ್‌ಗೆ, ಇನ್ನೊಂದು ಪಾಲನ್ನು ಲಾಗ್ ಸರ್ವರಿನ ಯುಪಿಎಸ್‌ಗೆ ಹಾಕಿಸಿ. ನಿಮ್ಮ ಕೆಲಸಕ್ಕೆ ಅದೇ ಜಾಸ್ತಿ ಉಪಯೋಗ.

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಕಾಲೇಜು, ಕಾರ್ಖಾನೆ, ಕೇಬಲ್ ಇಂಟರ್ನೆಟ್‌ನವರ ಜೊತೆ ಕೆಲಸ ಮಾಡುವಾಗ ಈ ದೂರು ನನಗೆ ಪದೇ ಪದೇ ಸಿಗುತ್ತದೆ. ಮಾಡೆಲ್ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತದೆ, ಲೈನಿಗೆ ಹಾಕಿದರೆ ದಾರಿ ತಪ್ಪುತ್ತದೆ. ಕಾರಣ ಹೆಚ್ಚುಕಡಿಮೆ ಒಂದೇ. ಮಾಡೆಲ್ ಕಲಿತಿದ್ದು ಆ ಡೇಟಾ ತಯಾರಾದ ಲ್ಯಾಬಿನ ಚಹರೆಯನ್ನು. ದಾಳಿಯ ಗುರುತನ್ನು ಅದು ಕಲಿತೇ ಇರುವುದಿಲ್ಲ.

ನಿಮ್ಮ ಪತ್ರದಲ್ಲಿ ಎರಡು ತೊಂದರೆ ಒಟ್ಟಿಗೆ ಕೂತಿವೆ. ನಿಮ್ಮ ನೆಟ್‌ಫ್ಲೋ ಸಾಲುಗಳು ಮಾಡೆಲ್ ನೋಡಿದ್ದ ಸಾಲುಗಳ ತರಹ ಇಲ್ಲ, ಇದು ಮೊದಲನೆಯದು. ಆ 99.8% ಅಂಕವೇ ನಂಬುವಂಥದ್ದಲ್ಲ, ಇದು ಎರಡನೆಯದು. ಮೊದಲನೆಯದನ್ನು ಒಂದು ಸಂಜೆಯಲ್ಲಿ ಪರೀಕ್ಷಿಸಬಹುದು. ಅಲ್ಲಿಂದಲೇ ಶುರು ಮಾಡೋಣ.

ನೀವು ಕಳಿಸಿದ ಒಂದು ಸಾಲು ನೋಡಿ. ಗ್ರಾಹಕರ ಕಡೆಯಿಂದ 443ನೇ ಪೋರ್ಟಿಗೆ, ಅವಧಿ 3,200, ಪ್ಯಾಕೆಟ್ 14, ಬೈಟ್ 2,350. ಇದು ಯಾರೋ ಮೊಬೈಲಿನಲ್ಲಿ ಒಂದು ಪೇಜ್ ತೆರೆದಿದ್ದು, ಅಷ್ಟೇ. ನೆಟ್‌ಫ್ಲೋ ಸಮಯವನ್ನು ಮಿಲಿಸೆಕೆಂಡಿನಲ್ಲಿ ಬರೆಯುತ್ತದೆ. ಅಂದರೆ 3.2 ಸೆಕೆಂಡ್. ಸಿಐಸಿ-ಐಡಿಎಸ್-2017 ಡೇಟಾವನ್ನು ಪ್ಯಾಕೆಟ್‌ಗಳಿಂದ ತಯಾರಿಸಿದ ಸಿಐಸಿಫ್ಲೋಮೀಟರ್ ಅನ್ನುವ ಟೂಲ್ ಅವಧಿಯನ್ನು ಮೈಕ್ರೋಸೆಕೆಂಡಿನಲ್ಲಿ ಬರೆಯುತ್ತದೆ. ಅಲ್ಲಿ ಇದೇ 3.2 ಸೆಕೆಂಡ್ 32,00,000 ಆಗಿರುತ್ತಿತ್ತು. ನಿಮ್ಮ ಮಾಡೆಲ್ 3,200 ಅನ್ನು ಮೈಕ್ರೋಸೆಕೆಂಡ್ ಅಂದುಕೊಂಡು, ಈ ಮಾತುಕತೆ ಕಣ್ಣು ಮಿಟುಕಿಸುವ ಮೊದಲೇ ಮುಗಿದಿದೆ ಅಂತ ಓದಿಕೊಂಡಿತು. ಸೆಕೆಂಡಿಗೆ 734 ಬೈಟ್ ಇರಬೇಕಾದ ವೇಗ 7 ಲಕ್ಷ ದಾಟಿತು. ಮಿಲ್ಲಿನ ತೂಕದ ಚೀಟಿಯಲ್ಲಿ ಕೆಜಿ ಅಂತ ಬರೆದಿದ್ದನ್ನು ಕ್ವಿಂಟಲ್ ಅಂತ ಓದಿದರೆ ಲೆಕ್ಕ ಏನಾಗುತ್ತದೋ, ಇಲ್ಲೂ ಅದೇ ಆಗಿದೆ. ಕಾಲಮ್ ಹೆಸರು ಎರಡು ಕಡೆಯೂ ಒಂದೇ ಇತ್ತು, ಅದಕ್ಕೇ ನಿಮಗೆ ಅನುಮಾನ ಬಂದಿಲ್ಲ.

ಈಗ ಅದರ ಕೆಳಗಿನ ಸಾಲು ನೋಡಿ. 443ನೇ ಪೋರ್ಟಿನಿಂದ ಅದೇ ಗ್ರಾಹಕರಿಗೆ 22 ಪ್ಯಾಕೆಟ್ ಬಂದಿವೆ. ಇದು ಮೇಲಿನ ಸಾಲಿಗೆ ಬಂದ ಉತ್ತರ. ನಿಮ್ಮ ರೂಟರಿನ ನೆಟ್‌ಫ್ಲೋ ಒಂದು ಮಾತುಕತೆಯನ್ನು ಎರಡು ಸಾಲು ಮಾಡುತ್ತದೆ, ಹೋಗಿದ್ದು ಒಂದು, ಬಂದಿದ್ದು ಒಂದು. ಸಿಐಸಿಫ್ಲೋಮೀಟರ್ ಎರಡನ್ನೂ ಸೇರಿಸಿ ಒಂದೇ ಸಾಲು ಮಾಡುತ್ತದೆ. ಹಾಗಾಗಿ ನಿಮ್ಮ ಪ್ರತಿಯೊಂದು ಸಾಲೂ ಮಾಡೆಲ್ ಕಣ್ಣಿಗೆ ‘ಕಳಿಸಿದ್ದಾರೆ, ಉತ್ತರವೇ ಬಂದಿಲ್ಲ’ ಅನ್ನುವ ಹಾಗೆ ಕಾಣುತ್ತದೆ. ಪೋರ್ಟ್ ಸ್ಕ್ಯಾನ್ ಇರುವುದೇ ಹಾಗೆ: ತುಂಬಾ ಚಿಕ್ಕ ಅವಧಿ, ಒಂದೆರಡು ಪ್ಯಾಕೆಟ್, ಸರಿಯಾದ ಉತ್ತರ ಇಲ್ಲ. ಮಾಡೆಲ್ ತಾನು ಕಲಿತ ಪ್ರಕಾರ ಸರಿಯಾಗಿಯೇ ಹೇಳಿದೆ, ಪಾಪ.

ಬೈಟ್ ಲೆಕ್ಕದಲ್ಲೂ ವ್ಯತ್ಯಾಸ ಇದೆ. ನೆಟ್‌ಫ್ಲೋ ಐಪಿ ಹೆಡರ್ (ಪ್ಯಾಕೆಟ್ಟಿನ ವಿಳಾಸ ಇರುವ ಭಾಗ) ಸೇರಿಸಿ ಎಣಿಸುತ್ತದೆ. ಸಿಐಸಿಫ್ಲೋಮೀಟರ್ ಒಳಗಿನ ಸರಕನ್ನು ಮಾತ್ರ ಎಣಿಸುತ್ತದೆ. ಕನೆಕ್ಷನ್ ಕೇಳುವ ಒಂದು ಸಿನ್ ಪ್ಯಾಕೆಟ್ ಅಲ್ಲಿ 0, ನಿಮ್ಮಲ್ಲಿ 40ರಿಂದ 60. ಇನ್ನು ಟೈಮ್‌ಔಟ್. ಅಲ್ಲಿ ಒಂದು ಫ್ಲೋವನ್ನು, ಅಂದರೆ ಒಂದು ಮಾತುಕತೆಯನ್ನು, 120 ಸೆಕೆಂಡಿಗೆ ಕತ್ತರಿಸುತ್ತಾರೆ. ಮೈಕ್ರೋಟಿಕ್‌ನಲ್ಲಿ ನೀವು ಏನನ್ನೂ ಬದಲಿಸದಿದ್ದರೆ, ಓಡುತ್ತಿರುವ ಫ್ಲೋವನ್ನು 30 ನಿಮಿಷಕ್ಕೆ ಕತ್ತರಿಸುತ್ತದೆ, ಸುಮ್ಮನಿರುವುದನ್ನು 15 ಸೆಕೆಂಡಿಗೆ ಮುಗಿಸುತ್ತದೆ. ಮಿಲ್ಲಿನ ಕ್ಯಾಮೆರಾ ಇಡೀ ದಿನ ಕ್ಲೌಡ್‌ಗೆ ವಿಡಿಯೋ ಕಳಿಸುತ್ತಾ ಇರುತ್ತದಲ್ಲ, ಅಂಥದ್ದೊಂದು ಫ್ಲೋ ಆ ಲ್ಯಾಬ್ ಡೇಟಾದಲ್ಲಿ ಎಲ್ಲೂ ಇರಲು ಸಾಧ್ಯವೇ ಇಲ್ಲ.

ಇದಕ್ಕೆ ಪರಿಹಾರ ಕಷ್ಟ ಅಲ್ಲ. ಎನ್‌ಎಫ್‌ಡಂಪ್ ತರಹದ ಉಚಿತ ಟೂಲ್‌ಗಳಲ್ಲಿ ಹೋಗುವ ಬರುವ ಸಾಲುಗಳನ್ನು ಜೋಡಿಸುವ ಆಯ್ಕೆ ಇದೆ. ರೂಟರಿನಲ್ಲಿ ಆ 30 ನಿಮಿಷವನ್ನು 1 ಅಥವಾ 2 ನಿಮಿಷಕ್ಕೆ ಇಳಿಸಿ. ಅವಧಿಯ ಘಟಕವನ್ನು ಕಾಲಮ್ ಹೆಸರಿನಲ್ಲೇ ಬರೆಯಿರಿ, ‘ಅವಧಿ_ಮಿಸೆ’ ಅಂತ. ಇಷ್ಟು ಮಾಡಿದರೆ ಸುಳ್ಳು ಅಲಾರಂ ಗಣನೀಯವಾಗಿ ಇಳಿಯುತ್ತದೆ. ಆದರೆ ಮಾಡೆಲ್ ಸರಿಹೋಯಿತು ಅಂತ ಅಂದುಕೊಳ್ಳಬೇಡಿ. ಎರಡನೇ ತೊಂದರೆ ಹಾಗೇ ಇದೆ.

ಆ 99.8% ಬಗ್ಗೆ. ಸಿಐಸಿ-ಐಡಿಎಸ್-2017 ಅನ್ನುವುದು ಕೆನಡಾದ ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದವರು 2017ರ ಜುಲೈ 3ರಿಂದ 7ರವರೆಗೆ, ಸೋಮವಾರದಿಂದ ಶುಕ್ರವಾರ, ತಮ್ಮ ಲ್ಯಾಬಿನಲ್ಲಿ ಹಿಡಿದ ಡೇಟಾ. ಸೋಮವಾರ ದಾಳಿಯೇ ಇಲ್ಲ. ಉಳಿದ ದಿನ ಒಂದೊಂದು ಹೊತ್ತಿಗೆ ಒಂದೊಂದು ದಾಳಿ. ಒಟ್ಟು ಸುಮಾರು 28 ಲಕ್ಷ ಸಾಲು, ಅದರಲ್ಲಿ ಶೇಕಡ 80ರಷ್ಟು ಮಾಮೂಲಿ ಟ್ರಾಫಿಕ್. ಅಂದರೆ ಏನೂ ಕಲಿಯದೆ ಎಲ್ಲವನ್ನೂ ‘ಮಾಮೂಲಿ’ ಅಂದರೂ 80% ಅಕ್ಯುರಸಿ ಸಿಗುತ್ತದೆ. ಹಾರ್ಟ್‌ಬ್ಲೀಡ್ ಅನ್ನುವ ದಾಳಿಗೆ ಇರುವುದು 11 ಸಾಲು. ಅಷ್ಟನ್ನೂ ತಪ್ಪು ಹೇಳಿದರೂ ನಿಮ್ಮ ಅಂಕ ಅಲುಗಾಡುವುದಿಲ್ಲ.

ಅದಕ್ಕಿಂತ ದೊಡ್ಡದು ಸಾಲುಗಳ ಪುನರಾವರ್ತನೆ. ಪೋರ್ಟ್ ಸ್ಕ್ಯಾನ್ ಅಂದರೆ ಒಂದೇ ತರಹದ ಪ್ಯಾಕೆಟ್ಟನ್ನು ಸಾವಿರಾರು ಬಾರಿ ಕಳಿಸುವುದು. ಐಪಿ ಮತ್ತು ಸಮಯದ ಕಾಲಮ್ ತೆಗೆದ ಮೇಲೆ ಲಕ್ಷಗಟ್ಟಲೆ ಸಾಲುಗಳು ಅಕ್ಷರಶಃ ಒಂದೇ ಆಗಿಬಿಡುತ್ತವೆ. ಅಂಥ ಡೇಟಾವನ್ನು ಕಲಸಿ, 80 ಭಾಗ ತರಬೇತಿಗೆ, 20 ಭಾಗ ಟೆಸ್ಟ್‌ಗೆ ಅಂತ ಹಂಚಿದರೆ, ಪರೀಕ್ಷೆಯ ಪ್ರಶ್ನೆಗಳು ಉತ್ತರದ ಸಮೇತ ಮೊದಲೇ ಮಾಡೆಲ್ ಕೈಗೆ ಸಿಕ್ಕಿರುತ್ತವೆ. ಇದು ಹೊಸ ಕಥೆ ಅಲ್ಲ. ಇದಕ್ಕೂ ಹಿಂದಿನ ಕೆಡಿಡಿ-99 ಡೇಟಾಸೆಟ್‌ನಲ್ಲಿ ತರಬೇತಿ ಭಾಗದ ಶೇಕಡ 78ರಷ್ಟು ಸಾಲುಗಳು ನಕಲು ಅಂತ 2009ರಲ್ಲೇ ಸಂಶೋಧಕರು ತೋರಿಸಿದ್ದರು. ಅವನ್ನು ತೆಗೆದು ಎನ್‌ಎಸ್‌ಎಲ್-ಕೆಡಿಡಿ ಅಂತ ಬಿಟ್ಟಿದ್ದೂ ಅವರೇ. ಆದರೂ ಇವತ್ತಿಗೂ ಎಷ್ಟೋ ಕಾಲೇಜು ಪ್ರಾಜೆಕ್ಟ್‌ಗಳು ಹಳೇ ಡೇಟಾದ ಮೇಲೇ 99% ಅಂತ ಬರೆದುಕೊಳ್ಳುತ್ತವೆ. ನನಗೆ ನಿಜಕ್ಕೂ ಬೇಸರವಾಗುತ್ತದೆ. ಬುದ್ಧಿವಂತ ಹುಡುಗರ ಒಂದು ವರ್ಷ ಅದರಲ್ಲಿ ಹೋಗುತ್ತದೆ.

ಇನ್ನೊಂದು ಅಡ್ಡದಾರಿ ಪೋರ್ಟ್ ಕಾಲಮ್. ಆ ಲ್ಯಾಬಿನಲ್ಲಿ ಎಫ್‌ಟಿಪಿ ಪಾಸ್‌ವರ್ಡ್ ದಾಳಿ 21ನೇ ಪೋರ್ಟಿಗೆ, ಎಸ್‌ಎಸ್‌ಎಚ್ ದಾಳಿ 22ಕ್ಕೆ, ಡಾಸ್ ದಾಳಿಗಳು 80ಕ್ಕೆ, ಹಾರ್ಟ್‌ಬ್ಲೀಡ್ 444ಕ್ಕೆ. 444 ಕಂಡರೆ ಹಾರ್ಟ್‌ಬ್ಲೀಡ್ ಅಂದರಾಯಿತು, ಬೇರೇನೂ ನೋಡಬೇಕಿಲ್ಲ. ಇದನ್ನು ಹಿಡಿಯಲು ಒಂದು ಸುಲಭ ಪರೀಕ್ಷೆ ಇದೆ, ಇವತ್ತೇ ಮಾಡಿ. ಬರೀ ಪೋರ್ಟ್ ಕಾಲಮ್ ಒಂದನ್ನೇ ಇಟ್ಟು ಮಾಡೆಲ್ ತರಬೇತಿ ಮಾಡಿ. ಒಂದೇ ಕಾಲಮ್‌ನಿಂದ ಅಂಕ ತುಂಬಾ ಮೇಲೆ ಹೋದರೆ, ಉಳಿದ ಕಾಲಮ್‌ಗಳಿಂದ ಮಾಡೆಲ್ ಏನನ್ನೂ ಕಲಿಯುವ ಅಗತ್ಯವೇ ಬಿದ್ದಿಲ್ಲ ಅಂತ ಅರ್ಥ. ಇದೇ ಪರೀಕ್ಷೆಯನ್ನು ಪ್ರತಿ ಕಾಲಮ್‌ಗೂ ಮಾಡಬಹುದು. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ 1999ರ ಡೇಟಾದಲ್ಲಿ ಪ್ಯಾಕೆಟ್ಟಿನ ಮೇಲಿರುವ ಟಿಟಿಎಲ್ ಅನ್ನುವ ಒಂದು ಸಣ್ಣ ಸಂಖ್ಯೆ 126 ಅಥವಾ 253 ಇದ್ದರೆ ಅದು ದಾಳಿ ಅಂತ ಹೇಳಬಹುದಿತ್ತು, ಯಾಕೆಂದರೆ ಮಾಮೂಲಿ ಟ್ರಾಫಿಕ್‌ನಲ್ಲಿ ಬಹುತೇಕ 127 ಮತ್ತು 254 ಇತ್ತು. ಅದು ಲ್ಯಾಬ್ ಕಟ್ಟಿದ ರೀತಿಯಿಂದ ಬಂದ ಗುರುತು. 2003ರಲ್ಲಿ ಅದನ್ನು ಯಾರೋ ಕೂತು ನೋಡುವವರೆಗೂ ಎಷ್ಟೋ ಜನ ಅದರ ಮೇಲೇ ಕೆಲಸ ಮಾಡುತ್ತಿದ್ದರು.

‘ಎಲ್ಲಾ ಕಾಲಮ್ ಹಾಕಿಬಿಡೋಣ, ಬೇಕಾದ್ದನ್ನು ಮಾಡೆಲೇ ಆರಿಸಿಕೊಳ್ಳುತ್ತದೆ’ ಅನ್ನುವ ಮಾತು ಎಲ್ಲೆಡೆ ಕೇಳಿಬರುತ್ತದೆ. ಆರಿಸಿಕೊಳ್ಳುತ್ತದೆ, ನಿಜ. ಎಲ್ಲಕ್ಕಿಂತ ಸುಲಭವಾದದ್ದನ್ನು ಆರಿಸಿಕೊಳ್ಳುತ್ತದೆ. ಅದು ನಿಮಗೆ ಬೇಕಾದದ್ದೇ ಆಗಿರಬೇಕು ಅಂತೇನಿಲ್ಲ.

ಲೇಬಲ್ (ಸಾಲು ದಾಳಿಯೋ ಮಾಮೂಲಿಯೋ ಅನ್ನುವ ಗುರುತು) ಬಗ್ಗೆಯೂ ಒಂದು ಎಚ್ಚರಿಕೆ. ಸಿಐಸಿಫ್ಲೋಮೀಟರಿನ ಆಗಿನ ಆವೃತ್ತಿ ಮೊದಲ ಫಿನ್ ಪ್ಯಾಕೆಟ್ ಕಂಡ ಕೂಡಲೇ ಫ್ಲೋ ಮುಗಿಯಿತು ಅಂತ ಮುಚ್ಚಿಬಿಡುತ್ತಿತ್ತು. ಕನೆಕ್ಷನ್ ಮುಗಿಸಲು ಎರಡೂ ಕಡೆಯವರು ಫಿನ್ ಕಳಿಸುತ್ತಾರೆ ಅಲ್ವಾ? ಹಾಗಾಗಿ ಉಳಿದ ಒಂದೆರಡು ಪ್ಯಾಕೆಟ್ ಬೇರೆಯೇ ಫ್ಲೋ ಆಗಿ, ಅದಕ್ಕೂ ದಾಳಿಯ ಲೇಬಲ್ ಬಿದ್ದಿದೆ. ಬೆಲ್ಜಿಯಂನ ಸಂಶೋಧಕರು 2021ರಲ್ಲಿ ಇದನ್ನು ಬಿಡಿಸಿ ತೋರಿಸಿ, ತಿದ್ದಿದ ಆವೃತ್ತಿಯನ್ನೂ ಕೊಟ್ಟಿದ್ದಾರೆ. ಈ ಡೇಟಾ ಬಳಸಲೇಬೇಕೆಂದರೆ ತಿದ್ದಿದ್ದನ್ನೇ ಬಳಸಿ.

ಈಗ ನಿಮ್ಮ ಕರೆಂಟ್ ಪ್ರಶ್ನೆ. ಇಡೀ ಪತ್ರದಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಇದು. ಒಂದು ಏರಿಯಾದಲ್ಲಿ ಕರೆಂಟ್ ಹೋಯಿತು ಅಂದುಕೊಳ್ಳಿ. ಆ ಒಎಲ್‌ಟಿ (ಏರಿಯಾದ ಫೈಬರ್ ಎಲ್ಲಾ ಬಂದು ಸೇರುವ ಪೆಟ್ಟಿಗೆ) ಕೆಳಗಿನ ಇನ್ನೂರು ಮನೆಯ ಒಎನ್‌ಯು (ಮನೆಯೊಳಗಿನ ಫೈಬರ್ ಪೆಟ್ಟಿಗೆ) ಒಟ್ಟಿಗೆ ಆಫ್. ಹೊರಗಿನ ಸರ್ವರ್‌ಗಳಿಗೆ ಅದು ಗೊತ್ತಿಲ್ಲ. ಅವು ಇನ್ನೂ ಪ್ಯಾಕೆಟ್ ಕಳಿಸುತ್ತಲೇ ಇರುತ್ತವೆ, ಉತ್ತರ ಬರುವುದಿಲ್ಲ. ನಿಮ್ಮ ರೂಟರಿನಲ್ಲಿ ಒಂದೇ ದಿಕ್ಕಿನ ಫ್ಲೋಗಳು ಸಾಲುಗಟ್ಟುತ್ತವೆ. ಕರೆಂಟ್ ಬಂದ ಕೂಡಲೇ ಇನ್ನೂರೂ ಮನೆಯ ಪಿಪಿಪಿಒಇ (ಲೈನ್ ಶುರು ಮಾಡುವ) ಲಾಗಿನ್ ಒಂದೆರಡು ನಿಮಿಷದಲ್ಲಿ ಬೀಳುತ್ತದೆ. ಪ್ರತಿ ಮನೆಯ ಟಿವಿ, ಮೊಬೈಲ್, ಡಿವಿಆರ್ ಒಟ್ಟಿಗೆ ಸೈಟುಗಳ ಹೆಸರಿಗೆ ವಿಳಾಸ ಕೇಳುತ್ತವೆ, ಟೈಮ್ ಕೇಳುತ್ತವೆ, ತಮ್ಮ ತಮ್ಮ ಸರ್ವರ್ ಹುಡುಕುತ್ತವೆ. ಮಾಮೂಲಿ ಐದು ನಿಮಿಷಕ್ಕಿಂತ ಹತ್ತಾರು ಪಟ್ಟು ಚಿಕ್ಕ ಚಿಕ್ಕ ಫ್ಲೋ. ಕೆನಡಾದ ಲ್ಯಾಬಿನಲ್ಲಿ ಹೀಗೆ ಕರೆಂಟ್ ಹೋಗಿ ಬರುವುದು ಡೇಟಾದ ಭಾಗ ಆಗಿರಲಿಲ್ಲ. ಇದ್ದಕ್ಕಿದ್ದಂತೆ ಸಾವಿರಾರು ಚಿಕ್ಕ ಫ್ಲೋ ಅಂದರೆ ಅಲ್ಲಿ ದಾಳಿ. ಗಂಗಾವತಿಯಲ್ಲಿ ಅದು ಬೇಸಿಗೆಯ ಸಂಜೆ.

ಇದನ್ನು ಸರಿಮಾಡುವ ಮಾಹಿತಿ ನಿಮ್ಮ ಹತ್ತಿರವೇ ಇದೆ. ಗ್ರಾಹಕರ ಲಾಗಿನ್ ದಾಖಲಿಸುವ ರೇಡಿಯಸ್ ಸರ್ವರಿನ ಲಾಗ್‌ನಲ್ಲಿ ಯಾವ ಗ್ರಾಹಕರ ಸೆಷನ್ ಯಾವಾಗ ಶುರುವಾಯಿತು ಅನ್ನುವುದು ಇರುತ್ತದೆ. ಅದರಿಂದ ಎರಡು ಕಾಲಮ್ ಮಾಡಿ: ಈ ಗ್ರಾಹಕರ ಸೆಷನ್ ಶುರುವಾಗಿ ಎಷ್ಟು ನಿಮಿಷ ಆಯಿತು, ಮತ್ತು ಅದೇ ಒಎಲ್‌ಟಿಯಲ್ಲಿ ಕಳೆದ ಐದು ನಿಮಿಷದಲ್ಲಿ ಎಷ್ಟು ಜನ ಹೊಸದಾಗಿ ಲಾಗಿನ್ ಆದರು. ಈ ಎರಡು ಕಾಲಮ್ ಯಾವ ಡೇಟಾಸೆಟ್‌ನಲ್ಲೂ ಸಿಗುವುದಿಲ್ಲ. ನಿಮ್ಮ ಊರಿಗೆ ಇವೇ ಬೇಕು. ಒಬ್ಬರ ಲೈನ್ ಮಾತ್ರ ಗಲಾಟೆ ಮಾಡುತ್ತಿದ್ದರೆ ಬೇರೆ ಮಾತು, ಇನ್ನೂರು ಲೈನ್ ಒಟ್ಟಿಗೆ ಎದ್ದರೆ ಬೇರೆ ಮಾತು.

ಕರೆಂಟಿನ ಜೊತೆ ಗಡಿಯಾರವೂ ಕೆಡುತ್ತದೆ. ಬ್ಯಾಟರಿ ಇಲ್ಲದ ಎಷ್ಟೋ ರೂಟರ್‌ಗಳು ಆಫ್ ಆಗಿ ಆನ್ ಆದಾಗ 1970ಕ್ಕೆ ಹೋಗಿ ಕೂರುತ್ತವೆ. ಎನ್‌ಟಿಪಿ (ನೆಟ್ಟಿನಿಂದ ಬರುವ ಸರಿಯಾದ ಸಮಯ) ಸಿಕ್ಕ ಮೇಲೆ ಸರಿಯಾಗುತ್ತವೆ. ನಡುವಿನ ಸಾಲುಗಳ ಸಮಯ ಸುಳ್ಳು. ಒಂದು ಲಾಗ್ ಯುಟಿಸಿಯಲ್ಲಿ, ಇನ್ನೊಂದು ನಮ್ಮ ಸಮಯದಲ್ಲಿ ಇದ್ದರೆ ಐದೂವರೆ ಗಂಟೆ ಅಂತರ. ರೇಡಿಯಸ್ ಮತ್ತು ನೆಟ್‌ಫ್ಲೋ ಜೋಡಿಸುವಾಗ ಒಬ್ಬ ಗ್ರಾಹಕರ ಪಾಪ ಇನ್ನೊಬ್ಬರ ತಲೆಗೆ ಬೀಳುತ್ತದೆ. ಎಲ್ಲಾ ಯಂತ್ರಗಳ ಸಮಯವನ್ನು ಎನ್‌ಟಿಪಿಗೆ ಹೊಂದಿಸಬೇಕು ಅಂತ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ ಆದೇಶದಲ್ಲೇ ಹೇಳಿದೆ. ಲಾಗ್‌ಗಳನ್ನು 180 ದಿನ ಇಡಬೇಕು ಅಂತಲೂ ಇದೆ. ಹಾಗಾಗಿ ಮೂಲ ಲಾಗ್ ಮುಟ್ಟಬೇಡಿ. ಪ್ರತಿ ತೆಗೆದುಕೊಂಡು ಅದರ ಮೇಲೆ ಕೆಲಸ ಮಾಡಿ.

ಹಾಗಾದರೆ ಮುಂದೇನು? ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಮಾಡೆಲ್ ಇಲ್ಲದೆ ಶುರು ಮಾಡಿ. ಪ್ರತಿ ಗ್ರಾಹಕರು ಐದು ನಿಮಿಷಕ್ಕೆ 23, 2323, 445, 25ನೇ ಪೋರ್ಟ್‌ಗಳಲ್ಲಿ ಎಷ್ಟು ಬೇರೆ ಬೇರೆ ಹೊರಗಿನ ಐಪಿಗಳನ್ನು ಮುಟ್ಟುತ್ತಾರೆ ಅಂತ ಎಣಿಸಿ. ಅಷ್ಟೇ. 2016ರಲ್ಲಿ ಹಬ್ಬಿದ ಮಿರಾಯ್ ವೈರಸ್ ಕ್ಯಾಮೆರಾ, ಡಿವಿಆರ್‌ಗಳಿಗೆ ನುಗ್ಗಿದ್ದು ಕಂಪನಿ ಹಾಕಿಕೊಟ್ಟ ಪಾಸ್‌ವರ್ಡ್ ಬದಲಿಸದೇ ಇದ್ದದ್ದರಿಂದ. ನುಗ್ಗಿದ ಮೇಲೆ ಅದು 23 ಮತ್ತು 2323ರಲ್ಲಿ ಮುಂದಿನ ಬಲಿ ಹುಡುಕುತ್ತದೆ. ಗಂಗಾವತಿಯ ಯಾವ ಮನೆಗೂ ಐದು ನಿಮಿಷದಲ್ಲಿ ಐನೂರು ಟೆಲ್ನೆಟ್ (23ನೇ ಪೋರ್ಟಿನಲ್ಲಿ ದೂರದಿಂದ ಲಾಗಿನ್ ಆಗುವ) ಸರ್ವರ್ ಬೇಕಾಗುವುದಿಲ್ಲ. ಈ ಎಣಿಕೆಯೇ ನಿಮ್ಮ ದೂರುಗಳಲ್ಲಿ ದೊಡ್ಡ ಪಾಲನ್ನು ಹಿಡಿಯುತ್ತದೆ ಅನ್ನುವುದು ನನ್ನ ನಂಬಿಕೆ. ಇದರ ಮಿತಿ ಏನೆಂದರೆ ಗೊತ್ತಿರುವ ದಾಳಿ ಮಾತ್ರ ಸಿಗುತ್ತದೆ. ನಿಧಾನವಾಗಿ, ಗಂಟೆಗೊಂದು ಎರಡು ಅಂತ ಹುಡುಕುವ ವೈರಸ್ ತಪ್ಪಿಸಿಕೊಳ್ಳುತ್ತದೆ. 443ರಲ್ಲಿ ಮಾತಾಡುವುದೂ ತಪ್ಪಿಸಿಕೊಳ್ಳುತ್ತದೆ. ಆದರೆ ಮುಂದೆ ಮಾಡೆಲ್ ಮಾಡಿದಾಗ ಅದು ಈ ಎಣಿಕೆಗಿಂತ ಮೇಲಿದೆಯಾ ಅಂತ ಹೋಲಿಸಲು ಒಂದು ಅಳತೆ ಸಿಕ್ಕಿತು.

ಅದಾದ ಮೇಲೆ ನಿಮ್ಮದೇ ಡೇಟಾ, ನಿಮ್ಮದೇ ಲೇಬಲ್. ಇದು ನಿಧಾನದ ದಾರಿ, ಸರಿಯಾದ ದಾರಿಯೂ ಹೌದು. ಒಂದೊಂದು ಫ್ಲೋವನ್ನು ಒಂದು ಸಾಲು ಮಾಡುವ ಬದಲು, ಒಬ್ಬ ಗ್ರಾಹಕರ ಐದು ನಿಮಿಷವನ್ನು ಒಂದು ಸಾಲು ಮಾಡಿ. ಎಷ್ಟು ಫ್ಲೋ, ಎಷ್ಟು ಬೇರೆ ಐಪಿ, ಉತ್ತರ ಬಾರದ ಸಿನ್ ಎಷ್ಟು ಪಾಲು, ಹೋದ ಬೈಟ್‌ಗೂ ಬಂದ ಬೈಟ್‌ಗೂ ಇರುವ ಅನುಪಾತ, ಮೇಲೆ ಹೇಳಿದ ರೇಡಿಯಸ್ ಕಾಲಮ್‌ಗಳು. ಲೇಬಲ್ ಎಲ್ಲಿಂದ? ನಿಮಗೆ ಬರುವ ದೂರುಗಳಿಂದ, ಸರ್ಟ್-ಇನ್‌ನ ಸೈಬರ್ ಸ್ವಚ್ಛತಾ ಕೇಂದ್ರದಿಂದ ಬರುವ ಸೂಚನೆಗಳಿಂದ, ಗ್ರಾಹಕರ ಮನೆಗೆ ಹೋದ ನಿಮ್ಮ ಲೈನ್‌ಮ್ಯಾನ್ ಕಂಡದ್ದರಿಂದ. ನೀವು ಸಿಜಿನ್ಯಾಟ್ ಬಳಸುತ್ತಿದ್ದರೆ ದೂರಿನಲ್ಲಿರುವ ಪಬ್ಲಿಕ್ ಐಪಿ ಹಿಂದೆ ಹತ್ತಾರು ಮನೆ ಇರುತ್ತವೆ. ಪೋರ್ಟ್ ನಂಬರ್ ಮತ್ತು ಸರಿಯಾದ ಸಮಯ ಇಲ್ಲದೆ ಯಾರದು ಅಂತ ಹೇಳಲು ಆಗುವುದಿಲ್ಲ. ಊಹೆ ಮಾಡಿ ಲೇಬಲ್ ಹಾಕಬೇಡಿ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಅಂತಲೇ ಮೂರನೇ ಲೇಬಲ್ ಇರಲಿ. ದೂರು ಬಂದಿಲ್ಲ ಅಂದ ಮಾತ್ರಕ್ಕೆ ಆ ಲೈನ್ ಶುದ್ಧ ಅಂತ ಅರ್ಥ ಅಲ್ಲ.

ದಾಳಿಯ ಉದಾಹರಣೆ ಕಡಿಮೆ ಇದೆ ಅಂತ ಕೆಲವರು ತಾವೇ ದಾಳಿ ಮಾಡಿ ಡೇಟಾ ಸೇರಿಸುತ್ತಾರೆ. ಮಾಡಬಹುದು, ಆದರೆ ನಿಮ್ಮದೇ ಯಂತ್ರದಿಂದ ನಿಮ್ಮದೇ ಯಂತ್ರಕ್ಕೆ ಮಾತ್ರ. ಅನುಮತಿ ಇಲ್ಲದೆ ಬೇರೆಯವರ ಯಂತ್ರ ಮುಟ್ಟಿದರೆ ಐಟಿ ಕಾಯ್ದೆಯ 43ನೇ ಸೆಕ್ಷನ್ ಇದೆ. ಇನ್ನು, ಆಫೀಸಿನ ಒಂದೇ ಲ್ಯಾಪ್‌ಟಾಪಿನಿಂದ ಒಂದೇ ಸಂಜೆ ಎಲ್ಲಾ ದಾಳಿ ಮಾಡಿದರೆ, ಮಾಡೆಲ್ ಆ ಲ್ಯಾಪ್‌ಟಾಪನ್ನು ಕಲಿಯುತ್ತದೆ. ಕೆನಡಾದ ಕಥೆ ಗಂಗಾವತಿಯಲ್ಲಿ ಮತ್ತೆ ಶುರು. ಬೇರೆ ಬೇರೆ ಲೈನ್, ಬೇರೆ ಬೇರೆ ಹೊತ್ತು, ಬೇರೆ ಬೇರೆ ಯಂತ್ರ ಬೇಕು.

ಲೇಬಲ್ ಬೇಡವೇ ಬೇಡ, ವಿಚಿತ್ರವಾದದ್ದನ್ನು ತಾನೇ ಹಿಡಿಯುವ ಮಾಡೆಲ್ ಸಾಕು ಅನ್ನುವವರಿದ್ದಾರೆ. ಐಸೊಲೇಶನ್ ಫಾರೆಸ್ಟ್ ತರಹದ್ದು. ಅದು ವಿಚಿತ್ರವನ್ನು ಹಿಡಿಯುತ್ತದೆ, ದಾಳಿಯನ್ನಲ್ಲ. ಭತ್ತದ ಕೊಯ್ಲು ಮುಗಿದು ಮಿಲ್‌ಗಳು ರಾತ್ರಿ ಹಗಲು ಓಡುವಾಗ, ಅಂಜನಾದ್ರಿಗೆ ಜನ ಬಂದು ಆನೆಗೊಂದಿ ಹೋಂಸ್ಟೇಗಳು ತುಂಬಿದಾಗ, ಗವಿಮಠದ ಜಾತ್ರೆಯ ದಿನಗಳಲ್ಲಿ ಅದು ಕೂಗುತ್ತಲೇ ಇರುತ್ತದೆ. ಕನಿಷ್ಠ ಎರಡೂ ಬೆಳೆಯ ಸೀಸನ್ ಡೇಟಾ ಸೇರುವವರೆಗೆ ಅದರ ಗೋಜಿಗೆ ಹೋಗಬೇಡಿ.

ಪೂರ್ತಿ ಪ್ಯಾಕೆಟ್ ಹಿಡಿಯುವುದು ಇನ್ನೊಂದು ದಾರಿ. 100 ಎಂಬಿಪಿಎಸ್ ಲೈನ್ ತುಂಬಿ ಹರಿದರೆ ಒಂದು ಗಂಟೆಗೆ 45 ಜಿಬಿ ಆಗುತ್ತದೆ. ಜೊತೆಗೆ ಗ್ರಾಹಕರ ಖಾಸಗಿ ವಿಷಯವೂ ನಿಮ್ಮ ಡಿಸ್ಕಿನಲ್ಲಿ ಬಂದು ಕೂರುತ್ತದೆ. ನಿಮ್ಮ ಕೆಲಸಕ್ಕೆ ನೆಟ್‌ಫ್ಲೋ ಸಾಕು.

ಇನ್ನು ಕಾಲಮ್ ತಯಾರಿಯ ಸಣ್ಣಪುಟ್ಟ ವಿಷಯ. ಸೆಕೆಂಡಿಗೆ ಎಷ್ಟು ಬೈಟ್ ಅನ್ನುವ ಕಾಲಮ್‌ನಲ್ಲಿ ‘ಇನ್ಫಿನಿಟಿ’ ಬರುವುದು ಅವಧಿ ಸೊನ್ನೆ ಇದ್ದಾಗ. ಸುಮ್ನೆ ಆ ಸಾಲುಗಳನ್ನು ಕಿತ್ತುಹಾಕಬೇಡಿ. ಒಂದೇ ಪ್ಯಾಕೆಟ್ಟಿನ ಫ್ಲೋಗಳೇ ಹಾಗಾಗುವುದು, ಸ್ಕ್ಯಾನ್ ಇರುವುದೂ ಅವುಗಳಲ್ಲೇ. ಸಾಲು ಇಟ್ಟುಕೊಂಡು ಆ ಕಾಲಮ್ ಬಿಡಿ. ಐಪಿಯನ್ನು ಸಂಖ್ಯೆಯಾಗಿ ಕೊಡಬೇಡಿ. ಪೋರ್ಟ್ ಕೂಡ ಅಳತೆ ಅಲ್ಲ. 443 ಅನ್ನುವುದು 80ಕ್ಕಿಂತ ‘ದೊಡ್ಡದು’ ಅನ್ನುವುದಕ್ಕೆ ಅರ್ಥ ಇಲ್ಲ. ವೆಬ್, ಮೇಲ್, ಟೆಲ್ನೆಟ್, ಇತರೆ ಅಂತ ಗುಂಪು ಮಾಡಿ. ಬೈಟ್‌ಗಳಿಗೆ ಲಾಗರಿದಮ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಯಾರೋ ಸಿನಿಮಾ ನೋಡಿದ ಒಂದು ಸಾಲು ಉಳಿದೆಲ್ಲವನ್ನೂ ಮುಚ್ಚಿಹಾಕುತ್ತದೆ. ರ‍್ಯಾಂಡಮ್ ಫಾರೆಸ್ಟ್‌ಗೆ ಇದರಿಂದ ಹೆಚ್ಚು ವ್ಯತ್ಯಾಸ ಇಲ್ಲ, ಬೇರೆ ಮಾಡೆಲ್‌ಗಳಿಗೆ ಇದೆ.

ಹಂಚುವ ಕ್ರಮ ಮಾತ್ರ ಬಿಡಬೇಡಿ. ಮೊದಲು ನಕಲು ತೆಗೆಯಿರಿ. ಆಮೇಲೆ ಸಮಯದ ಪ್ರಕಾರ ಹಂಚಿ: ಹಳೇ ತಿಂಗಳುಗಳು ತರಬೇತಿಗೆ, ಹೊಸ ತಿಂಗಳು ಟೆಸ್ಟ್‌ಗೆ. ಸಾಧ್ಯವಾದರೆ ಕೆಲವು ಗ್ರಾಹಕರು ತರಬೇತಿಯಲ್ಲಿ ಇರಲೇಬಾರದು, ಟೆಸ್ಟ್‌ನಲ್ಲಿ ಮಾತ್ರ ಇರಬೇಕು. ಸ್ಕೇಲಿಂಗ್ (ಎಲ್ಲಾ ಸಂಖ್ಯೆಗಳನ್ನು ಒಂದೇ ಅಳತೆಗೆ ತರುವುದು) ಆಗಲಿ, ಸ್ಮೋಟ್‌ನಿಂದ ಕೃತಕ ಸಾಲು ಸೇರಿಸುವುದಾಗಲಿ, ಹಂಚಿದ ಮೇಲೆ ತರಬೇತಿ ಭಾಗಕ್ಕೆ ಮಾತ್ರ. ಹಂಚುವ ಮೊದಲೇ ಸ್ಮೋಟ್ ಮಾಡಿದರೆ ಟೆಸ್ಟ್ ಸಾಲಿನ ನೆರಳು ತರಬೇತಿಯಲ್ಲಿ ಸೇರಿರುತ್ತದೆ. ಹೀಗೆ ಮಾಡಿದಾಗ ನಿಮ್ಮ ಅಂಕ ಬೀಳುತ್ತದೆ, ಬಹುಶಃ ತುಂಬಾನೇ. ಧೈರ್ಯ ಕೆಡಬೇಡಿ. ಆ ಕಡಿಮೆ ಅಂಕವೇ ನಿಮ್ಮ ಮಾಡೆಲ್‌ನ ನಿಜವಾದ ಅಂಕ.

ಮಾಲೀಕರಿಗೆ ಅಕ್ಯುರಸಿ ಬದಲು ದಿನಕ್ಕೆ ಎಷ್ಟು ಅಲಾರಂ ಅಂತ ಹೇಳಿ. 1,200 ಗ್ರಾಹಕರು, ದಿನಕ್ಕೆ 288 ಐದು ನಿಮಿಷಗಳು, ಒಟ್ಟು 3,45,600 ಸಾಲು. ಮಾಡೆಲ್ ನೂರಕ್ಕೆ ಒಂದು ಸಲ ಸುಳ್ಳು ಅಲಾರಂ ಕೊಟ್ಟರೂ ದಿನಕ್ಕೆ 3,456 ಆಯಿತು. ಯಾರು ನೋಡುತ್ತಾರೆ? ಸಾವಿರಕ್ಕೆ ಒಂದು ಅಂದರೂ 345. ಹಾಗಾಗಿ ಒಂದು ಸಾಲಿಗೆ ಅಲಾರಂ ಬೇಡ. ಒಂದೇ ಲೈನ್ ಒಂದು ಗಂಟೆಯಲ್ಲಿ ಆರೇಳು ಸಲ ಸಿಕ್ಕಿಬಿದ್ದರೆ ಮಾತ್ರ ನಿಮ್ಮ ಮೊಬೈಲಿಗೆ ಮೆಸೇಜ್ ಬರಲಿ. ದಿನಕ್ಕೆ ನಾಲ್ಕೈದು ಬಂದರೆ ನೀವು ನಿಜವಾಗಿಯೂ ನೋಡುತ್ತೀರಿ.

ಇದೆಲ್ಲಾ ಜನರ ಖಾಸಗಿ ಬದುಕಿನ ಡೇಟಾ ಅನ್ನುವುದನ್ನೂ ಮರೆಯಬೇಡಿ. ಯಾವ ಮನೆಯವರು ಯಾವ ಹೊತ್ತಿಗೆ ಯಾವ ಆಸ್ಪತ್ರೆ, ಯಾವ ಬ್ಯಾಂಕಿನ ಸೈಟಿಗೆ ಹೋದರು ಅನ್ನುವುದು ನೆಟ್‌ಫ್ಲೋ ನೋಡಿದರೆ ಊಹಿಸಬಹುದು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಇದಕ್ಕೆ ಅನ್ವಯಿಸುತ್ತದೆ ಅಂತಲೇ ತಿಳಿದು ನಡೆಯಿರಿ. ಐಪಿಯನ್ನು ಹ್ಯಾಶ್ ಮಾಡಿದ್ದೇವೆ (ಗುರುತು ಸಿಗದ ಸಂಕೇತಕ್ಕೆ ಬದಲಿಸಿದ್ದೇವೆ), ಸುರಕ್ಷಿತ ಅಂತ ಹಲವರು ಅಂದುಕೊಳ್ಳುತ್ತಾರೆ. ಐಪಿವಿ4 ವಿಳಾಸಗಳು ಒಟ್ಟು ಸುಮಾರು 430 ಕೋಟಿ ಅಷ್ಟೇ. ಎಲ್ಲವನ್ನೂ ಹ್ಯಾಶ್ ಮಾಡಿ ಪಟ್ಟಿ ಇಟ್ಟುಕೊಂಡರೆ ಯಾರು ಬೇಕಾದರೂ ಹಿಂದಕ್ಕೆ ಬಿಡಿಸಬಹುದು. ಗುಟ್ಟಾದ ಕೀ ಸೇರಿಸಿ ಹ್ಯಾಶ್ ಮಾಡಿ, ಆ ಕೀ ಬೇರೆ ಯಂತ್ರದಲ್ಲಿರಲಿ. ಗ್ರಾಹಕರ ಹೆಸರು, ಫೋನ್ ನಂಬರ್ ತರಬೇತಿ ಡೇಟಾದಲ್ಲಿ ಬೇಡವೇ ಬೇಡ. ಉಚಿತ ಕ್ಲೌಡ್ ನೋಟ್‌ಬುಕ್‌ಗೆ ಕಚ್ಚಾ ಲಾಗ್ ಏರಿಸಬೇಡಿ. ಆಫೀಸಿನ ಸಾಮಾನ್ಯ ಕಂಪ್ಯೂಟರ್ ಈ ಕೆಲಸಕ್ಕೆ ಸಾಕಾಗುತ್ತದೆ.

ಕೊನೆಗೆ, ಮಾಡೆಲ್ ಒಬ್ಬರ ಲೈನ್ ತೋರಿಸಿತು ಅಂತ ಲೈನ್ ಕಟ್ ಮಾಡಬೇಡಿ. ಮಿಲ್ಲಿನವರ ಲೋಡ್ ಬಿಲ್ಲು ಅದೇ ಲೈನಿನಲ್ಲಿ ಹೋಗುತ್ತಿರುತ್ತದೆ. ಫೋನ್ ಮಾಡಿ. ‘ಅಣ್ಣಾ, ನಿಮ್ಮ ಕ್ಯಾಮೆರಾ ಡಬ್ಬಿಯಿಂದ ಹೊರಗಡೆ ಏನೋ ಹೋಗುತ್ತಿದೆ, ನಮ್ಮ ಹುಡುಗ ಬಂದು ನೋಡುತ್ತಾನೆ’ ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಹುಡುಗ ಹೋಗಿ ಡಿವಿಆರ್ ಒಮ್ಮೆ ಆಫ್ ಮಾಡಿ ಆನ್ ಮಾಡಲಿ, ಪಾಸ್‌ವರ್ಡ್ ಬದಲಿಸಲಿ, ರೂಟರಿನಲ್ಲಿ ಸುಮ್ಮನೆ ತೆರೆದಿಟ್ಟ ಪೋರ್ಟ್ ಮುಚ್ಚಲಿ. ಬಂದ ಮೇಲೆ ಒಂದು ಶೀಟಿನಲ್ಲಿ ಬರೆಸಿಕೊಳ್ಳಿ: ದಿನಾಂಕ, ಸಮಯ, ಯಾವ ಲೈನ್, ಯಾವ ಯಂತ್ರ, ನಿಜವಾಗಿ ಏನಿತ್ತು. ಅಲಾರಂ ಸುಳ್ಳು ಅಂತ ತಿಳಿದರೆ ಅದನ್ನೂ ಬರೆಯಿರಿ. ಮುಂದಿನ ಸಲ ತರಬೇತಿಗೆ ಕೂರುವಾಗ ನಿಮ್ಮ ಹತ್ತಿರ ಇರುವ ಅತ್ಯಂತ ನಂಬಿಕೆಯ ಲೇಬಲ್ ಆ ಶೀಟ್. ಸೀಸನ್ ಮುಗಿದ ಮೇಲೆ, ಗ್ರಾಹಕರ ಹೆಸರು ತೆಗೆದು, ಅದರಲ್ಲಿ ಎಷ್ಟು ಸಾಲು ಸೇರಿವೆ ಅಂತ ನನಗೆ ಬರೆಯಿರಿ. ಮಾಡೆಲ್ ಆಯ್ಕೆ ಬಗ್ಗೆ ಆಗ ಮಾತಾಡೋಣ.